ಅಣುಸ್ಥಾವರದ ಹವಾಮಾಪನ ಗೋಪುರ: ಉಪಕರಣಗಳ ನಿರ್ವಹಣೆಗೆ ಒಂದು ಸಮಗ್ರ ಮಾರ್ಗದರ್ಶಿ

ಕಾಳಿ ನದಿಯ ಕಣಿವೆಯಲ್ಲಿ, ಪಶ್ಚಿಮ ಘಟ್ಟದ ಗುಡ್ಡಗಳ ನಡುವೆ ನಿಂತಿರುವ ಕೈಗಾ ಅಣುವಿದ್ಯುತ್ ಕೇಂದ್ರದಂಥ ಸ್ಥಳದಲ್ಲಿ ಗಾಳಿಯ ನಡೆಯನ್ನು ಊಹೆಯಿಂದ ಹೇಳಲು ಬರುವುದಿಲ್ಲ. ಹಗಲು ಬಿಸಿಲೇರಿದಂತೆ ಕಣಿವೆಯ ಗಾಳಿ ಇಳಿಜಾರನ್ನು ಹತ್ತುತ್ತದೆ. ರಾತ್ರಿ ತಣಿದು ಭಾರವಾದ ಗಾಳಿ ಅದೇ ಇಳಿಜಾರಿನಿಂದ ಜಾರಿ ನದಿಯ ಪಾತ್ರದ ಗುಂಟ ಹರಿಯುತ್ತದೆ. ಮಳೆಗಾಲದಲ್ಲಿ ನೈಋತ್ಯ ಮಾರುತ ಬಲವಾದಾಗ ಈ ಎರಡೂ ಲಯಗಳು ಅಡಗಿಹೋಗುತ್ತವೆ. ದೂರದ ಊರಿನ ಹವಾಮಾನ ವರದಿಯನ್ನು ಇಂಥ ಕಡೆ ನೆಚ್ಚುವಂತಿಲ್ಲ. ಸ್ಥಾವರದ ಆವರಣದಲ್ಲಿಯೇ ನೆಟ್ಟ ಗೋಪುರದ ಮಾತೇ ಕೊನೆಯ ಮಾತು.

ಆ ಮಾತು ಎರಡು ಲೆಕ್ಕಗಳಿಗೆ ಬೇಕಾಗುತ್ತದೆ. ಚಿಮಣಿಯಿಂದ ನಿಯಮಿತವಾಗಿ, ಅನುಮತಿಸಿದ ಮಿತಿಯೊಳಗೆ ಹೊರಹೋಗುವ ಅನಿಲಗಳಿಂದ ಸುತ್ತಲಿನ ಜನರಿಗೆ ವರ್ಷಕ್ಕೆ ಎಷ್ಟು ವಿಕಿರಣ ತಗಲುತ್ತದೆಂಬ ಲೆಕ್ಕ ಮೊದಲನೆಯದು. ಅವಘಡವಾದರೆ ಯಾವ ದಿಕ್ಕಿನ ಹಳ್ಳಿಗಳನ್ನು ಮೊದಲು ಎಚ್ಚರಿಸಬೇಕೆಂಬ ಲೆಕ್ಕ ಎರಡನೆಯದು. ಜಪಾನಿನ ಫುಕುಶಿಮಾ ಅಣುಸ್ಥಾವರದ ಅವಘಡದ ವೇಳೆ, 2011ರ ಮಾರ್ಚ್ 15ರಂದು, ಗಾಳಿ ವಾಯವ್ಯದ ಕಡೆ ತಿರುಗಿತು. ಮಳೆ ಮತ್ತು ಹಿಮದೊಡನೆ ವಿಕಿರಣ ಪದಾರ್ಥ ನೆಲಕ್ಕಿಳಿಯಿತು. ಹೆಚ್ಚಿನ ಭಾಗ ಸ್ಥಾವರದ ಸುತ್ತಲಿನ 30 ಕಿಲೋಮೀಟರ್ ವೃತ್ತದ ಆಚೆಗಿದ್ದ ಇಟಾಟೆ ಗ್ರಾಮವನ್ನು ಕೊನೆಗೆ ತೆರವುಗೊಳಿಸಬೇಕಾಯಿತು. ದಿಕ್ಕು, ವೇಗ, ಮಳೆ, ವಾಯುಸ್ಥಿರತೆ (ಗಾಳಿ ಮೇಲೆ ಕೆಳಗೆ ಎಷ್ಟು ಕಲಕುತ್ತದೆ ಎಂಬುದು) ಈ ನಾಲ್ಕೂ ಒಟ್ಟಿಗೆ ಸರಿಯಾಗಿರಬೇಕಾದ ಕಾರಣ ಆ ಒಂದು ದಿನದಲ್ಲಿಯೇ ಇದೆ.

ಕೆಟ್ಟು ನಿಂತ ಉಪಕರಣಕ್ಕಿಂತ, ನಂಬುವಂತೆ ಕಾಣುವ ತಪ್ಪು ಸಂಖ್ಯೆಯನ್ನು ಕೊಡುತ್ತ ನಡೆಯುತ್ತಿರುವ ಉಪಕರಣ ಹೆಚ್ಚು ಅಪಾಯಕಾರಿ. ಕೆಟ್ಟದ್ದು ಪರದೆಯ ಮೇಲೆ ಖಾಲಿ ಜಾಗವಾಗಿ ಕಾಣುತ್ತದೆ, ಯಾರಾದರೂ ಓಡಿ ಬರುತ್ತಾರೆ. ತಪ್ಪು ಹೇಳುವುದನ್ನು ಮಾತ್ರ ಹುಡುಕಿಯೇ ಕಂಡುಹಿಡಿಯಬೇಕು. ಈ ಮಾರ್ಗದರ್ಶಿಯ ಹೆಚ್ಚಿನ ಹಂತಗಳು ಆ ಹುಡುಕಾಟಕ್ಕೆ ಸಂಬಂಧಿಸಿದವು. ನಿಮ್ಮ ಸ್ಥಾವರದ ಅನುಮೋದಿತ ಕಾರ್ಯವಿಧಾನ ಮತ್ತು ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಬಂಧನೆಗಳು ಯಾವಾಗಲೂ ಇದಕ್ಕಿಂತ ಮೇಲಿನವು ಎಂಬುದನ್ನು ನೆನಪಿಟ್ಟು ಮುಂದೆ ಓದಿರಿ.

ಹಂತ 1: ಎಷ್ಟು ತಪ್ಪನ್ನು ಸಹಿಸಬಹುದು ಎಂದು ಮೊದಲು ತಿಳಿದುಕೊಳ್ಳಿರಿ

ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 2007ರಲ್ಲಿ ಪರಿಷ್ಕರಿಸಿ ಹೊರಡಿಸಿದ ಮಾರ್ಗಸೂಚಿ 1.23 ಅಣುಸ್ಥಾವರಗಳ ಹವಾಮಾಪನದ ಬಗ್ಗೆಯೇ ಇದೆ. ಬೇರೆ ದೇಶದ್ದಾದರೂ ಅದರ ಸಂಖ್ಯೆಗಳು ಒಳ್ಳೆಯ ಅಳತೆಗೋಲು. ನೆಲದಿಂದ 10 ಮೀಟರ್ ಮತ್ತು 60 ಮೀಟರ್ ಎತ್ತರಗಳಲ್ಲಿ ಅಳೆಯುವ ಗೋಪುರದಲ್ಲಿ ಗಾಳಿಯ ವೇಗ ಸೆಕೆಂಡಿಗೆ 0.2 ಮೀಟರ್ ಅಥವಾ ಶೇಕಡಾ 5ರೊಳಗೆ, ದಿಕ್ಕು 5 ಡಿಗ್ರಿಯೊಳಗೆ, ತಾಪಮಾನ 0.5 ಡಿಗ್ರಿ ಸೆಲ್ಸಿಯಸ್‌ನೊಳಗೆ, ಎರಡು ಎತ್ತರಗಳ ತಾಪಮಾನದ ವ್ಯತ್ಯಾಸ 0.1 ಡಿಗ್ರಿಯೊಳಗೆ ಸರಿಯಾಗಿರಬೇಕೆಂದು ಅದು ಹೇಳುತ್ತದೆ. ದತ್ತಾಂಶ ವರ್ಷದಲ್ಲಿ ಕನಿಷ್ಠ ಶೇಕಡಾ 90ರಷ್ಟು ದೊರೆಯಬೇಕು. ಕ್ಯಾಲಿಬ್ರೇಷನ್, ಅಂದರೆ ಪ್ರಮಾಣಿತ ಅಳತೆಯೊಡನೆ ಹೋಲಿಸಿ ಸರಿಪಡಿಸುವ ಕೆಲಸ, ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು.

ಶೇಕಡಾ 90 ಎಂದರೆ ಸಡಿಲವಾದ ನಿಯಮದಂತೆ ತೋರುತ್ತದೆ. ವರ್ಷದ 8,760 ಗಂಟೆಗಳಲ್ಲಿ ಕಳೆದುಕೊಳ್ಳಬಹುದಾದದ್ದು 876 ಗಂಟೆ, ಅಂದರೆ ಮೂವತ್ತಾರೂವರೆ ದಿನ. ಮೇ ತಿಂಗಳ ಒಂದು ಸಿಡಿಲು ಅಳತೆಗಳನ್ನು ದಾಖಲಿಸುವ ಲಾಗರ್ ಅನ್ನು ಸುಟ್ಟು, ಬದಲಿ ಕಾರ್ಡ್ ಖರೀದಿಯ ಕಡತ ಮೇಜಿನಿಂದ ಮೇಜಿಗೆ ತಿರುಗುವಷ್ಟರಲ್ಲಿ ಆ ದಿನಗಳು ಮುಗಿದಿರುತ್ತವೆ. ಆದ್ದರಿಂದ ಪ್ರತಿಯೊಂದು ಬಗೆಯ ಸೆನ್ಸರ್‌ಗೂ ಕ್ಯಾಲಿಬ್ರೇಷನ್ ಮಾಡಿ ಸಿದ್ಧವಾಗಿಟ್ಟ ಒಂದು ಜೋಡಿ ಉಗ್ರಾಣದಲ್ಲಿ ಇರಲೇಬೇಕು.

ಹಂತ 2: ದಿನದ ಪರಿಶೀಲನೆ

ಪ್ರತಿದಿನ ಬೆಳಗ್ಗೆ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ರೇಖಾಚಿತ್ರವನ್ನು ಮನುಷ್ಯರ ಕಣ್ಣು ನೋಡಬೇಕು. ಕಂಪ್ಯೂಟರ್ ಮಿತಿ ಮೀರಿದ ಸಂಖ್ಯೆಗೆ ಮಾತ್ರ ಕೂಗುತ್ತದೆ. ಮಿತಿಯೊಳಗಿನ ಸುಳ್ಳಿಗೆ ಅದು ಸುಮ್ಮನಿರುತ್ತದೆ. ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಹೆಚ್ಚಿನ ದೋಷಗಳು ಸಿಕ್ಕಿಬೀಳುತ್ತವೆ.

ಗಾಳಿಯ ದಿಕ್ಕಿನ ರೇಖೆ ಎಲ್ಲಿಯಾದರೂ ಚಪ್ಪಟೆಯಾಗಿದೆಯೇ? ನಿಜವಾದ ಗಾಳಿ ಸದಾ ತೊನೆಯುತ್ತಿರುತ್ತದೆ. ವೇಗ ಇದ್ದೂ ದಿಕ್ಕಿನ ಏರಿಳಿತ ಸೊನ್ನೆಗೆ ಇಳಿದಿದ್ದರೆ ದಿಕ್ಕು ತೋರಿಸುವ ವೇನ್ ಸಿಕ್ಕಿಕೊಂಡಿದೆ. 60 ಮೀಟರ್‌ನ ವೇಗ 10 ಮೀಟರ್‌ನ ವೇಗಕ್ಕಿಂತ ದಿನವಿಡೀ ಕಡಿಮೆಯಿದೆಯೇ? ಹಾಗಿದ್ದರೆ ಮೇಲಿನ ವೇಗಮಾಪಕದ ಬೇರಿಂಗ್‌ನ ಮೇಲೆ ಸಂಶಯಪಡಿರಿ. ಬಿರುಬಿಸಿಲಿನ ಮಧ್ಯಾಹ್ನ ಮೇಲಿನ ತಾಪಮಾನ ಕೆಳಗಿನದಕ್ಕಿಂತ ಹೆಚ್ಚಿದೆಯೇ? ನೆಲ ಕಾದಿರುವಾಗ ಹಾಗೆ ಆಗುವುದು ಅಸಹಜ. ತಾಪಮಾನದ ಸೆನ್ಸರ್‌ನ ಮೇಲೆ ಗಾಳಿ ಎಳೆಯುವ ಮೇಲಿನ ಫ್ಯಾನ್ ನಿಂತಿರುವ ಸಂಭವವೇ ಹೆಚ್ಚು. ಕಿಟಕಿಯಾಚೆ ಜಡಿಮಳೆ ಸುರಿಯುತ್ತಿದ್ದಾಗ ಮಳೆಮಾಪಕ ಸೊನ್ನೆ ತೋರಿಸಿತೇ? ಇಷ್ಟಕ್ಕೆ ಹತ್ತು ನಿಮಿಷ ಸಾಕು. ನೋಡಿದವರು ದಿನಚರಿ ಪುಸ್ತಕದಲ್ಲಿ ಸಮಯ ಬರೆದು ಸಹಿ ಹಾಕಬೇಕು.

ಹಂತ 3: ಗೋಪುರ ಹತ್ತುವ ಮೊದಲು

ಕೆಲಸದ ಅನುಮತಿ ಪತ್ರ ಪಡೆಯಿರಿ. ನಿಯಂತ್ರಣ ಕೊಠಡಿಗೂ ವಿಕಿರಣ ಸುರಕ್ಷೆ ನೋಡಿಕೊಳ್ಳುವ ಆರೋಗ್ಯ ಭೌತ ವಿಭಾಗಕ್ಕೂ ಯಾವ ಎತ್ತರದ ಯಾವ ಸೆನ್ಸರ್ ಎಷ್ಟು ಹೊತ್ತು ಲಭ್ಯವಿರುವುದಿಲ್ಲವೆಂದು ಬರಹದಲ್ಲಿ ತಿಳಿಸಿರಿ. ಬದಲಿ ಗೋಪುರ ಅಥವಾ ಬದಲಿ ಸೆನ್ಸರ್ ನಡೆಯುತ್ತಿದೆಯೆಂದು ಖಚಿತಪಡಿಸಿಕೊಂಡೇ ಮುಖ್ಯವಾದದ್ದನ್ನು ಮುಟ್ಟಬೇಕು. ಎರಡನ್ನೂ ಒಂದೇ ದಿನ ಬಿಚ್ಚುವ ಅವಸರ ಎಂದಿಗೂ ಬೇಡ. ಲಾಗರ್‌ನಲ್ಲಿ ಆ ಅವಧಿಗೆ ನಿರ್ವಹಣೆಯ ಗುರುತು ಹಾಕಿರಿ. ಇಲ್ಲವಾದರೆ ನೀವು ವೇನ್ ಅನ್ನು ಕೈಯಿಂದ ತಿರುಗಿಸಿದ್ದೆಲ್ಲ ಗಾಳಿಯೆಂದು ದಾಖಲಾಗುತ್ತದೆ.

ಪೂರ್ಣದೇಹದ ಸುರಕ್ಷಾ ಪಟ್ಟಿ, ಎರಡು ಕೊಕ್ಕೆಗಳ ಹಗ್ಗ, ಕೆಳಗೆ ನಿಂತು ನೋಡಿಕೊಳ್ಳುವ ಒಬ್ಬ ಜೊತೆಗಾರ, ದಾರ ಕಟ್ಟಿದ ಉಪಕರಣಗಳು ಇವುಗಳಲ್ಲಿ ಯಾವುದೊಂದು ಕಡಿಮೆಯಾದರೂ ಹತ್ತಬೇಡಿ. ಗುಡುಗಿನ ಸದ್ದು ಕೇಳಿದರೆ ಇಳಿಯಿರಿ. ಮಿಂಚು ಹತ್ತಿರ ಬರಲೆಂದು ಕಾಯಬೇಡಿ. ನಮ್ಮ ಕಡೆ ಇನ್ನೊಂದು ಅಪಾಯವಿದೆ. ಎತ್ತರದ ಉಕ್ಕಿನ ಕಟ್ಟಡಗಳೆಂದರೆ ಹೆಜ್ಜೇನಿಗೆ ಪ್ರಿಯ. ಹತ್ತುವ ಹಿಂದಿನ ದಿನ ದುರ್ಬೀನಿನಿಂದ ಗೋಪುರವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿರಿ. ಜೇನುಹುಟ್ಟು ಕಂಡರೆ ಹೊಗೆ ಹಾಕುವ, ಕೋಲಿನಿಂದ ಕೆಡಹುವ ಪ್ರಯತ್ನ ಮಾಡದೆ, ಬಲ್ಲವರನ್ನು ಕರೆಸಿ ತೆಗೆಸಿದ ನಂತರವೇ ಕೆಲಸ ಆರಂಭಿಸಿರಿ. ಅರವತ್ತು ಮೀಟರ್ ಎತ್ತರದಲ್ಲಿ ಪಟ್ಟಿ ಕಟ್ಟಿಕೊಂಡ ಮನುಷ್ಯನಿಗೆ ಓಡಲು ಜಾಗವಿರುವುದಿಲ್ಲ.

ಹಂತ 4: ಮೊದಲು ಅಳೆಯಿರಿ, ಆಮೇಲೆ ಒರೆಸಿರಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಮುರಿಯಲ್ಪಡುವ ನಿಯಮ ಇದೇ. ಮಳೆಮಾಪಕದಲ್ಲಿ ಎಲೆ, ತಾಪಮಾನದ ಸೆನ್ಸರ್ ಅನ್ನು ಬಿಸಿಲಿನಿಂದ ಕಾಯುವ ಶೀಲ್ಡ್‌ನಲ್ಲಿ ಜೇಡರ ಬಲೆ ಕಂಡ ಕೂಡಲೇ ಕೈ ತಾನಾಗಿ ಬಟ್ಟೆಯ ಕಡೆ ಹೋಗುತ್ತದೆ. ತಡೆಯಿರಿ. ಸೆನ್ಸರ್ ಇದ್ದ ಸ್ಥಿತಿಯಲ್ಲಿಯೇ ಎಷ್ಟು ತಪ್ಪು ತೋರಿಸುತ್ತಿತ್ತು ಎಂಬುದನ್ನು ಮೊದಲು ದಾಖಲಿಸಿರಿ. ನಂತರ ಶುಚಿಗೊಳಿಸಿ, ಸರಿಪಡಿಸಿ, ಮತ್ತೆ ಅಳೆದು ಎರಡನೆಯ ಸಂಖ್ಯೆಯನ್ನು ಬರೆಯಿರಿ. ಕಳೆದ ಕ್ಯಾಲಿಬ್ರೇಷನ್‌ನಿಂದ ಇಂದಿನವರೆಗಿನ ಆರು ತಿಂಗಳ ದತ್ತಾಂಶ ನಂಬಲರ್ಹವೇ ಎಂದು ಹೇಳಬಲ್ಲದ್ದು ಮೊದಲ ಸಂಖ್ಯೆ ಮಾತ್ರ. ಒರೆಸಿದ ಮೇಲೆ ಆ ಸಾಕ್ಷ್ಯ ಮರಳಿ ಬಾರದು. ಬಿಚ್ಚುವ ಮೊದಲು ಪ್ರತಿಯೊಂದರ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿರಿ.

ಹಂತ 5: ತಾಪಮಾನದ ವ್ಯತ್ಯಾಸ

ನನ್ನ ಅಭಿಪ್ರಾಯದಲ್ಲಿ ಗೋಪುರದ ಅತ್ಯಂತ ಸೂಕ್ಷ್ಮ ಅಳತೆ ಇದು. ಅತಿ ಕಡಿಮೆ ಗಮನ ಸಿಗುವುದೂ ಇದಕ್ಕೇ. ಹೊಗೆ ಮೇಲಕ್ಕೆ ಹರಡಿ ತೆಳುವಾಗುತ್ತದೆಯೋ ನೆಲದ ಸಮೀಪ ದಟ್ಟವಾಗಿ ದೂರ ಸಾಗುತ್ತದೆಯೋ ಎಂಬುದನ್ನು ವಾಯುಸ್ಥಿರತೆಯ ಎ ಯಿಂದ ಜಿ ವರೆಗಿನ ಏಳು ವರ್ಗಗಳಿಂದ ಸೂಚಿಸುತ್ತಾರೆ. ಎತ್ತರದೊಂದಿಗೆ ತಾಪಮಾನ ಎಷ್ಟು ಬದಲಾಗುತ್ತದೆ ಎಂಬುದರಿಂದ ಈ ವರ್ಗ ನಿರ್ಧಾರವಾಗುತ್ತದೆ. 100 ಮೀಟರ್‌ಗೆ 1.7ರಿಂದ 1.5 ಡಿಗ್ರಿಯಷ್ಟು ತಾಪಮಾನ ಇಳಿದರೆ ಅದು ಸಿ ವರ್ಗ. 10 ಮತ್ತು 60 ಮೀಟರ್‌ಗಳ ನಡುವಿನ ಅಂತರ 50 ಮೀಟರ್ ಮಾತ್ರವಾದ್ದರಿಂದ ಇಡೀ ಸಿ ವರ್ಗ 0.85 ಮತ್ತು 0.75 ಡಿಗ್ರಿಗಳ ನಡುವೆ, ಅಂದರೆ 0.1 ಡಿಗ್ರಿಯಲ್ಲಿ ಅಡಗಿದೆ. ಅನುಮತಿಸಿದ ದೋಷವೂ ಅಷ್ಟೇ ಇದೆಯೆಂಬುದನ್ನು ಗಮನಿಸಿರಿ. ಆ ಮಿತಿಯ ಅಂಚಿನಲ್ಲಿರುವ ಸೆನ್ಸರ್ ಜೋಡಿ ಹಗಲಿನ ಗಂಟೆಗಳನ್ನು ಒಂದು ವರ್ಗದಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಸರಿಸಿಬಿಡುತ್ತದೆ.

ಇಲ್ಲಿ ಬಳಸುವ ಪಿಟಿ-100 ಸೆನ್ಸರ್ ಸೊನ್ನೆ ಡಿಗ್ರಿಯಲ್ಲಿ 100 ಓಮ್ ರೋಧ ತೋರಿಸಿ, ಡಿಗ್ರಿಗೆ ಸುಮಾರು 0.385 ಓಮ್‌ನಂತೆ ಏರುತ್ತದೆ. 0.1 ಡಿಗ್ರಿ ಎಂದರೆ 0.04 ಓಮ್‌ಗಿಂತ ಕಡಿಮೆ. ತೇವದಿಂದ ಕಿಲುಬು ಹಿಡಿದ ಒಂದು ಟರ್ಮಿನಲ್ ಅಷ್ಟು ರೋಧವನ್ನು ಸುಲಭವಾಗಿ ಸೇರಿಸಬಲ್ಲದು. ಆದ್ದರಿಂದ ನಾಲ್ಕು ತಂತಿಗಳ ಜೋಡಣೆಯನ್ನೇ ಬಳಸಿ, ಜಂಕ್ಷನ್ ಪೆಟ್ಟಿಗೆಯ ರಬ್ಬರ್ ಅಂಚು, ತಂತಿ ಒಳಹೋಗುವ ರಂಧ್ರ, ತೇವ ಹೀರುವ ಸಿಲಿಕಾ ಜೆಲ್ ಇವನ್ನು ಮಳೆಗಾಲದ ಮೊದಲು ಬದಲಿಸಿರಿ.

ಕ್ಯಾಲಿಬ್ರೇಷನ್‌ಗೆ ಎರಡೂ ಸೆನ್ಸರ್‌ಗಳನ್ನು ಕೆಳಗಿಳಿಸಿ ತುದಿಗೆ ತುದಿ ತಾಗುವಂತೆ ಒಟ್ಟಿಗೆ ಕಟ್ಟಿರಿ. ಶುದ್ಧೀಕರಿಸಿದ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ಪುಡಿಮಾಡಿ ಥರ್ಮಾಸ್‌ಗೆ ತುಂಬಿ, ಸಂದುಗಳು ತುಂಬುವಷ್ಟೇ ನೀರು ಸೇರಿಸಿ, ಜೋಡಿಯನ್ನು ಅದರಲ್ಲಿ ಇಪ್ಪತ್ತು ನಿಮಿಷ ಬಿಡಿರಿ. ನಂತರ ಕಲಕುವ ವ್ಯವಸ್ಥೆಯಿರುವ ನೀರಿನ ತೊಟ್ಟಿಯಲ್ಲಿ ಸುಮಾರು 20 ಮತ್ತು 40 ಡಿಗ್ರಿಗಳಲ್ಲಿ ಹೀಗೆಯೇ ಮಾಡಿರಿ. ಪ್ರಮಾಣಿತ ಥರ್ಮಾಮೀಟರ್‌ನೊಂದಿಗೆ ಹೋಲಿಸುವುದರ ಜೊತೆಗೆ ಎರಡು ಸೆನ್ಸರ್‌ಗಳ ಪರಸ್ಪರ ವ್ಯತ್ಯಾಸವನ್ನು ಮೂರೂ ಬಿಂದುಗಳಲ್ಲಿ ಬರೆಯಿರಿ. ಈ ವ್ಯತ್ಯಾಸ 0.05 ಡಿಗ್ರಿ ಮೀರಿದರೆ ಜೋಡಿಯನ್ನೇ ಬದಲಿಸುವುದು ಲೇಸು. ಒಂದನ್ನು ಮಾತ್ರ ಹೊಸದಾಗಿ ಹಾಕಿ ಜೋಡಿಯನ್ನು ಒಡೆಯಬೇಡಿ. ಲಾಗರ್ ಕಡೆಯ ಪರೀಕ್ಷೆಗೆ ರೋಧಪೆಟ್ಟಿಗೆಯಿಂದ 107.79 ಓಮ್ ಕೊಟ್ಟರೆ 20 ಡಿಗ್ರಿ, 115.54 ಓಮ್ ಕೊಟ್ಟರೆ 40 ಡಿಗ್ರಿ ಕಾಣಬೇಕು.

ಸೆನ್ಸರ್ ಎಷ್ಟೇ ಚೆನ್ನಾಗಿದ್ದರೂ ಅದರ ಮೇಲೆ ಗಾಳಿ ಎಳೆಯುವ ಫ್ಯಾನ್ ನಿಂತರೆ ಶ್ರಮವೆಲ್ಲ ವ್ಯರ್ಥ. ಶೀಲ್ಡ್‌ನ ಬಾಯಿಗೆ ತೆಳುವಾದ ಕಾಗದ ಹಿಡಿದು ಒಳಗೆ ಸೆಳೆಯುತ್ತದೆಯೇ ನೋಡಿರಿ. ಕಡಜ ಮಣ್ಣಿನ ಗೂಡು ಕಟ್ಟುವುದು, ಇರುವೆ ಸೇರುವುದು, ಬಿಳಿಯ ಬಣ್ಣದ ಮೇಲೆ ಪಾಚಿ ಹಬ್ಬಿ ಕಪ್ಪಾಗುವುದು ಘಟ್ಟದ ಹವೆಯಲ್ಲಿ ಮಾಮೂಲು. ಕಪ್ಪಾದ ಶೀಲ್ಡ್ ಬಿಸಿಲನ್ನು ಹೀರಿ ಒಳಗಿನ ಗಾಳಿಯನ್ನೇ ಕಾಯಿಸುತ್ತದೆ. ಎರಡೂ ಫ್ಯಾನ್‌ಗಳನ್ನು ಒಂದೇ ದಿನ ಬದಲಿಸಿರಿ, ಶೀಲ್ಡ್‌ಗಳನ್ನೂ ಒಂದೇ ದಿನ ತೊಳೆಯಿರಿ. ನಮಗೆ ಬೇಕಾದದ್ದು ವ್ಯತ್ಯಾಸ. ಒಂದು ಹೊಳೆಯುತ್ತ ಇನ್ನೊಂದು ಮಾಸಿದ್ದರೆ ಆ ವ್ಯತ್ಯಾಸ ವಾತಾವರಣದ್ದಾಗಿರುವುದಿಲ್ಲ.

ಹಂತ 6: ಗಾಳಿಯ ವೇಗ

ಗಾಳಿಗೆ ತಿರುಗುವ ಬಟ್ಟಲುಗಳಿಂದ ವೇಗ ಅಳೆಯುವ ಕಪ್ ಅನಿಮೋಮೀಟರ್‌ನ ಆಯುಷ್ಯ ಅದರ ಬೇರಿಂಗ್‌ನಲ್ಲಿದೆ. ಸೆಕೆಂಡಿಗೆ 0.45 ಮೀಟರ್‌ಗಿಂತ ಕಡಿಮೆ ಗಾಳಿಯಲ್ಲಿಯೇ ಕಪ್‌ಗಳು ತಿರುಗತೊಡಗಬೇಕು. ಕಣಿವೆಯ ಶಾಂತ ರಾತ್ರಿಗಳಲ್ಲಿ ಗಾಳಿ ಇರುವುದೇ ಅಷ್ಟು. ಹೊಗೆ ಅತಿ ಕಡಿಮೆ ಚದುರುವ ಗಂಟೆಗಳೂ ಅವೇ. ಬೇರಿಂಗ್ ಬಿಗಿಯಾದರೆ ಬಲವಾದ ಗಾಳಿಯಲ್ಲಿ ಏನೂ ತಿಳಿಯುವುದಿಲ್ಲ, ನಿಧಾನದ ಗಾಳಿ ಮಾತ್ರ ಸೊನ್ನೆಯಾಗಿ ದಾಖಲಾಗುತ್ತದೆ. ಬೆರಳಿನಿಂದ ತಿರುಗಿಸಿ "ಸಲೀಸಾಗಿದೆ" ಎಂದು ಬರೆಯುವುದು ಪರೀಕ್ಷೆಯಲ್ಲ. ಕಪ್ ತೆಗೆದು ತಯಾರಕರು ಕೊಡುವ ಟಾರ್ಕ್ ಡಿಸ್ಕ್ ಹಾಕಿ, ನಿಗದಿತ ದೂರದಲ್ಲಿ ಸಣ್ಣ ತೂಕವಿಟ್ಟಾಗ ಅಕ್ಷ ತಿರುಗುತ್ತದೆಯೇ ಎಂದು ನೋಡಬೇಕು. ಆಮೇಲೆ ನಿಯತ ವೇಗದ ಮೋಟಾರ್ ಜೋಡಿಸಿ ಕನಿಷ್ಠ ಐದು ವೇಗಗಳಲ್ಲಿ ತಿರುಗಿಸಿ, ಲಾಗರ್‌ನ ಓದನ್ನು ತಯಾರಕರ ಪಟ್ಟಿಯೊಡನೆ ಹೋಲಿಸಿರಿ. ಕಪ್ ಸೊಟ್ಟಗಾಗಿದ್ದರೆ ಅಥವಾ ಸೀಳಿದ್ದರೆ ಮೋಟಾರ್ ಪರೀಕ್ಷೆ ಅದನ್ನು ತೋರಿಸುವುದಿಲ್ಲ. ಅಂಥದ್ದನ್ನು ತೆಗೆದುಹಾಕಿ, ಗಾಳಿ ಸುರಂಗದಲ್ಲಿ ಪರೀಕ್ಷಿಸಿದ ಹೊಸದನ್ನು ಹಾಕಿರಿ.

ಶಬ್ದತರಂಗದಿಂದ ಗಾಳಿಯನ್ನು ಅಳೆಯುವ ಅಲ್ಟ್ರಾಸಾನಿಕ್ ಉಪಕರಣಕ್ಕೆ ತಿರುಗುವ ಭಾಗಗಳಿಲ್ಲದ್ದರಿಂದ ಕೆಲಸ ಕಡಿಮೆ. ಆದರೆ ಅದರ ತುದಿಗಳ ಮೇಲೆ ನಿಲ್ಲುವ ಮಳೆಹನಿ, ಜೇಡರ ಎಳೆ, ಹಕ್ಕಿಯ ಹಿಕ್ಕೆ ಶಬ್ದದ ದಾರಿಯನ್ನು ಕೆಡಿಸುತ್ತವೆ. ತುದಿಗಳನ್ನು ಮೆತ್ತಗಿನ ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ಎಂದು ಪರೀಕ್ಷಿಸಿರಿ.

ಹಂತ 7: ಗಾಳಿಯ ದಿಕ್ಕು

5 ಡಿಗ್ರಿಯ ತಪ್ಪು ಕಾಗದದ ಮೇಲೆ ಸಣ್ಣದು. ನಮ್ಮ ಸ್ಥಾವರಗಳ ಸುತ್ತ ತುರ್ತು ಯೋಜನೆ ರೂಪಿಸುವ 16 ಕಿಲೋಮೀಟರ್ ದೂರದಲ್ಲಿ ಅದು 1.4 ಕಿಲೋಮೀಟರ್ ಆಗುತ್ತದೆ. ಅಂದರೆ ಒಂದು ಹಳ್ಳಿಯ ಬದಲು ಪಕ್ಕದ ಹಳ್ಳಿ.

ವೇನ್‌ನ ಬುಡದ ಉತ್ತರದ ಗುರುತು ನಿಜ ಉತ್ತರಕ್ಕೆ ನೆಟ್ಟಗಿದೆಯೇ ಎಂಬುದನ್ನು ವರ್ಷಕ್ಕೊಮ್ಮೆ ಹೊಸದಾಗಿ ಪರೀಕ್ಷಿಸಬೇಕು. ಕರ್ನಾಟಕದಲ್ಲಿ ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸ ಅಲ್ಪವೆಂದು ದಿಕ್ಸೂಚಿಯನ್ನು ನೆಚ್ಚಬಾರದು. ಉಕ್ಕಿನ ಗೋಪುರದ ಪಕ್ಕದಲ್ಲಿ ಅದರ ಮುಳ್ಳು ಎತ್ತ ಬೇಕಾದರೂ ತಿರುಗೀತು. ಗೋಪುರದಿಂದ ಸ್ಪಷ್ಟವಾಗಿ ಕಾಣುವ ಎರಡು ಮೂರು ದೂರದ ಗುರುತುಗಳ ದಿಕ್ಕನ್ನು ಸರ್ವೇಯರ್‌ಗಳಿಂದ ಜಿಪಿಎಸ್ ಮೂಲಕ ಅಳೆಸಿಟ್ಟುಕೊಂಡು, ವೇನ್‌ನ ಮೂತಿಯನ್ನು ಆ ಗುರುತಿನತ್ತ ಹಿಡಿದು ಲಾಗರ್‌ನ ಸಂಖ್ಯೆಯನ್ನು ಓದಿರಿ. ಸೂರ್ಯನ ನೆರಳಿನಿಂದಲೂ ಪರೀಕ್ಷಿಸಬಹುದು. ಕೈಗಾದ ರೇಖಾಂಶದಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12.30ಕ್ಕೆ, ಅದೂ ದಿನಾಂಕಕ್ಕೆ ತಕ್ಕಂತೆ ಕಾಲು ಗಂಟೆಯಷ್ಟು ಆಚೀಚೆ ಸರಿಯುತ್ತದೆ. ಮೇ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿದ್ದು, ನೆರಳು ಚಿಕ್ಕದಾಗಿ ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರ್‌ನ ಉದ್ದ ನೆರಳೇ ಈ ಪರೀಕ್ಷೆಗೆ ಒಳ್ಳೆಯದು.

ನಂತರ ವೇನ್ ಅನ್ನು ಕೋನಫಲಕದ ಮೇಲಿಟ್ಟು 30 ಡಿಗ್ರಿಗೊಮ್ಮೆ ನಿಲ್ಲಿಸುತ್ತ ಒಂದು ಪೂರ್ತಿ ಸುತ್ತನ್ನು ಬಲಕ್ಕೂ ಇನ್ನೊಂದನ್ನು ಎಡಕ್ಕೂ ತಿರುಗಿಸಿರಿ. ಎರಡು ಸುತ್ತುಗಳ ಓದು ಬೇರೆಯಾದರೆ ತಿರುಗಿದ ಕೋನವನ್ನು ವಿದ್ಯುತ್ ಸಂಕೇತವಾಗಿಸುವ ಒಳಗಿನ ಪೊಟೆನ್ಶಿಯೋಮೀಟರ್ ಸವೆದಿದೆ. ಹೆಚ್ಚು ಗಾಳಿ ಬೀಸುವ ದಿಕ್ಕಿನಲ್ಲಿಯೇ ಅದು ಮೊದಲು ಸವೆಯುವುದರಿಂದ ಆ ಭಾಗದಲ್ಲಿ 5 ಡಿಗ್ರಿಗೊಮ್ಮೆ ನೋಡಿರಿ. ಕೊನೆಯದಾಗಿ ತಂತ್ರಾಂಶವನ್ನು ಪರೀಕ್ಷಿಸಿರಿ. 350 ಮತ್ತು 10 ಡಿಗ್ರಿಗಳ ಸರಾಸರಿ ಉತ್ತರವಾಗಬೇಕು. ಸಾಮಾನ್ಯ ಅಂಕಗಣಿತದ ಸರಾಸರಿ ಮಾಡುವ ತಂತ್ರಾಂಶ 180, ಅಂದರೆ ದಕ್ಷಿಣ, ಎಂದು ಹೇಳುತ್ತದೆ. ಗಾಳಿಯ ದಿಕ್ಕೆಂದರೆ ಅದು ಬರುವ ದಿಕ್ಕು, ಹೊಗೆ ಹೋಗುವುದು ಅದರ ವಿರುದ್ಧಕ್ಕೆ ಎಂಬುದನ್ನು ಪರದೆಯ ಮೇಲೆಯೇ ಕನ್ನಡದಲ್ಲಿ ಬರೆದಿಟ್ಟರೆ ಗಾಬರಿಯ ಹೊತ್ತಿನಲ್ಲಿ ಯಾರೂ ತಿರುಗುಮುರುಗಾಗಿ ಓದುವುದಿಲ್ಲ.

ಹಂತ 8: ಮಳೆಮಾಪಕ ಮತ್ತು ಉಳಿದವು

ಟಿಪ್ಪಿಂಗ್ ಬಕೆಟ್ ಮಳೆಮಾಪಕವನ್ನು ರೋಹಿಣಿ ಮಳೆಗೆ ಮೊದಲು, ಅಂದರೆ ಮೇ ಮೂರನೆಯ ವಾರದೊಳಗೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಕ್ಯಾಲಿಬ್ರೇಟ್ ಮಾಡಿರಿ. ಬಾಯಿಯ ವ್ಯಾಸ 200 ಮಿಲಿಮೀಟರ್ ಇದ್ದರೆ ಒಂದು ಮಿಲಿಮೀಟರ್ ಮಳೆಗೆ 31.4 ಮಿಲಿಲೀಟರ್ ನೀರು, 0.2 ಮಿಲಿಮೀಟರ್‌ಗೆ ಒಮ್ಮೆ ಮಗುಚುವ ಬಕೆಟ್ 628 ಮಿಲಿಲೀಟರ್‌ಗೆ ನೂರು ಸಲ ಮಗುಚಬೇಕು. ನೀರನ್ನು ಒಮ್ಮೆಲೇ ಸುರಿಯಬೇಡಿ. ಸಣ್ಣ ರಂಧ್ರದ ಬಾಟಲಿಯಿಂದ ಒಂದು ಗಂಟೆಯಷ್ಟು ಹೊತ್ತು ಹನಿಯಲು ಬಿಡಿರಿ. ಬಳಿಕ ನಾಲ್ಕೈದು ಪಟ್ಟು ವೇಗದಲ್ಲಿ ಇನ್ನೊಮ್ಮೆ ಮಾಡಿರಿ. ಬಕೆಟ್ ಮಗುಚುತ್ತಿರುವ ಕ್ಷಣದಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗದ ಕಾರಣ ಜೋರು ಮಳೆಯಲ್ಲಿ ಈ ಉಪಕರಣ ಕಡಿಮೆ ತೋರಿಸುತ್ತದೆ. ಘಟ್ಟದ ಮಳೆಗೆ ಆ ತಿದ್ದುಪಡಿಯ ಪಟ್ಟಿ ಅಗತ್ಯ. ಆಷಾಢದಲ್ಲಿ ವಾರಕ್ಕೊಮ್ಮೆ ಬಾಯಿಯ ಎಲೆ ತೆಗೆದು, ತಳ ಸಮಮಟ್ಟದಲ್ಲಿದೆಯೇ ಎಂದು ನೋಡಿರಿ. ಪಕ್ಕದಲ್ಲೊಂದು ಸಾಧಾರಣ ಅಳತೆ ಜಾಡಿಯ ಮಳೆಮಾಪಕವಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಡ.

ತೇವಾಂಶದ ಸೆನ್ಸರ್‌ನ ಫಿಲ್ಟರ್ ಬದಲಿಸಿ ಉಪ್ಪಿನ ದ್ರಾವಣದ ಪೆಟ್ಟಿಗೆಯಲ್ಲಿ ಪರೀಕ್ಷಿಸಿರಿ. ಬ್ಯಾರೋಮೀಟರ್ ಅನ್ನು ಪ್ರಮಾಣಿತವಾದದ್ದರೊಡನೆ ಹೋಲಿಸಿರಿ. ಸೌರವಿಕಿರಣ ಮಾಪಕದ ಗಾಜಿನ ಗುಮ್ಮಟವನ್ನು ವಾರಕ್ಕೊಮ್ಮೆ ಒರೆಸಿರಿ.

ಹಂತ 9: ವಿದ್ಯುತ್, ಸಿಡಿಲು, ಗಡಿಯಾರ, ಗೋಪುರ

ಫುಕುಶಿಮಾದಲ್ಲಿ ವಿದ್ಯುತ್ ಹೋದಾಗ ಸ್ಥಾವರದ ಗಡಿಯ ಮಾಪನ ಪೋಸ್ಟ್‌ಗಳು ಸ್ತಬ್ಧವಾಗಿ, ಮಾಪನ ವಾಹನವನ್ನು ಓಡಾಡಿಸಿ ವಿಕಿರಣವನ್ನೂ ಗಾಳಿಯನ್ನೂ ಅಳೆಯಬೇಕಾಯಿತು. ಯುಪಿಎಸ್ ಇದೆ ಎಂಬ ಸಮಾಧಾನ ಸಾಲದು. ಆರು ತಿಂಗಳಿಗೊಮ್ಮೆ ಮುಖ್ಯ ವಿದ್ಯುತ್ತನ್ನು ನಿಜವಾಗಿ ಕಡಿತಗೊಳಿಸಿ, ಲಾಗರ್, ಫ್ಯಾನ್, ಸಂಪರ್ಕದ ಸಾಧನ ಮೂರೂ ನಿಗದಿತ ಗಂಟೆಗಳವರೆಗೆ ನಡೆಯುತ್ತವೆಯೇ ಎಂದು ನೋಡಿರಿ. ಅನೇಕ ಕಡೆ ಲಾಗರ್‌ಗೆ ಬ್ಯಾಟರಿ ಇದ್ದು ಫ್ಯಾನ್ ಹೊರಗುಳಿದಿರುತ್ತದೆ.

ಭೂಸಂಪರ್ಕದ ರೋಧವನ್ನು ಬೇಸಗೆಯ ಕೊನೆಯಲ್ಲಿ, ಮಣ್ಣು ಪೂರ್ತಿ ಒಣಗಿರುವಾಗ ಅಳೆಯಿರಿ. ಮಳೆಗಾಲದ ಒದ್ದೆ ನೆಲದಲ್ಲಿ ಅಳೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಪ್ರತಿ ಸಿಡಿಲಿನ ನಂತರ, ವಿದ್ಯುತ್ತಿನ ಹಠಾತ್ ಏರಿಕೆಯನ್ನು ತಡೆಯುವ ಸರ್ಜ್ ಸಂರಕ್ಷಕಗಳನ್ನು ಪರೀಕ್ಷಿಸಿರಿ. ಲಾಗರ್‌ನ ಗಡಿಯಾರ ಸ್ಥಾವರದ ಗಡಿಯಾರದೊಡನೆ 5 ನಿಮಿಷದೊಳಗೆ ಹೊಂದಬೇಕು. ಜಿಪಿಎಸ್ ಜೋಡಿಸಿದ್ದರೆ ಸಮಯವಲಯದ ಹೊಂದಾಣಿಕೆಯನ್ನು ನೋಡಿರಿ, ಐದೂವರೆ ಗಂಟೆಯ ತಪ್ಪು ಇಲ್ಲಿಂದಲೇ ನುಸುಳುತ್ತದೆ. ಗೋಪುರವನ್ನು ಎಳೆದು ನಿಲ್ಲಿಸಿರುವ ಗೈ ತಂತಿಗಳನ್ನು ವರ್ಷಕ್ಕೊಮ್ಮೆ, ನೆಲದಲ್ಲಿ ಹೂತ ಲಂಗರುಗಳನ್ನು ಮೂರು ವರ್ಷಕ್ಕೊಮ್ಮೆ ಪರಿಶೀಲಿಸಬೇಕು. ಸುತ್ತ ಬೆಳೆಯುವ ಮರಗಳನ್ನೂ ಅಳೆದು ಬರೆಯಿರಿ. ತಡೆಯೊಡ್ಡುವ ವಸ್ತುವಿನ ಎತ್ತರದ ಹತ್ತು ಪಟ್ಟು ದೂರದಲ್ಲಿ ಸೆನ್ಸರ್ ಇರಬೇಕೆಂಬುದು ನಿಯಮ, ಆದರೆ ಈ ಕಾಡಿನಲ್ಲಿ ಗೋಪುರ ನೆಟ್ಟಾಗ ಪೊದೆಯಾಗಿದ್ದದ್ದು ಹತ್ತು ವರ್ಷದಲ್ಲಿ ಗೋಡೆಯಾಗಿ ನಿಂತಿರುತ್ತದೆ.

ಹಂತ 10: ಕೆಲಸ ಮುಗಿಸುವುದು

ಹಳೆಯ ಮತ್ತು ಹೊಸ ಸೆನ್ಸರ್‌ಗಳ ಕ್ರಮಸಂಖ್ಯೆ, ಅವುಗಳ ಗುಣಾಂಕ, ಕ್ಯಾಲಿಬ್ರೇಷನ್ ಪ್ರಮಾಣಪತ್ರದ ದಿನಾಂಕ ಇವನ್ನು ದಾಖಲಿಸಿ, ಹೊಸ ಗುಣಾಂಕವನ್ನು ಲಾಗರ್‌ಗೆ ಒಬ್ಬರು ತುಂಬಬೇಕು, ಇನ್ನೊಬ್ಬರು ಓದಿ ನೋಡಬೇಕು. ಮೊದಲ ಅಳತೆ ಮಿತಿ ಮೀರಿದ್ದರೆ ಹಿಂದಿನ ಅವಧಿಯ ದತ್ತಾಂಶಕ್ಕೆ ಸಂಶಯದ ಗುರುತು ಹಾಕಿ, ಅದನ್ನು ಬಳಸಿದ ವಿಭಾಗಕ್ಕೆ ತಿಳಿಸಿರಿ. ಮುಚ್ಚಿಡಬೇಡಿ, ಸದ್ದಿಲ್ಲದೆ ತಿದ್ದಲೂಬೇಡಿ. ಗೋಪುರದಿಂದ ಇಳಿದು ಉಪಕರಣಗಳನ್ನು ಎಣಿಸಿಟ್ಟ ಮೇಲೆ ನಿರ್ವಹಣೆಯ ಗುರುತನ್ನು ತೆಗೆಯಿರಿ. ನಂತರ ಗೋಪುರದ ಬುಡದಿಂದಲೇ ನಿಯಂತ್ರಣ ಕೊಠಡಿಗೆ ಫೋನ್ ಮಾಡಿ, ಲಾಗರ್‌ನ ಪರದೆಯಲ್ಲಿ ಕಾಣುವ ವೇಗ, ದಿಕ್ಕು ಮತ್ತು ತಾಪಮಾನಗಳನ್ನು ಓದಿ ಹೇಳಿರಿ; ಅಲ್ಲಿಯ ಪರದೆಯಲ್ಲಿಯೂ ಅದೇ ಸಂಖ್ಯೆಗಳಿವೆಯೆಂದು ಆ ಕಡೆಯವರು ಒಂದೊಂದಾಗಿ ದೃಢಪಡಿಸಿದ ಮೇಲೆಯೇ ಅನುಮತಿ ಪತ್ರಕ್ಕೆ ಸಹಿ ಹಾಕಿ ಮರಳಿಸಿರಿ.